ಕನ್ಸೋಲ್‌ಗೆ ಎಸ್‌ಎಸ್‌ಡಿ: ಆಡೋದಕ್ಕಾ, ಇಡೋದಕ್ಕಾ?

ನಾನು ಮೊದಲು ತಂದಿದ್ದು ತಪ್ಪು ಡ್ರೈವ್. ಎಸ್‌ಎಸ್‌ಡಿಯೇ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್. ಅಂಗೈಗಿಂತ ಪುಟ್ಟದು, ಯುಎಸ್‌ಬಿ ವೈರ್ ಸಿಗಿಸಿದರೆ ಕೆಲಸ ಮುಗಿಯಿತು, ಒಂದು ಟಿಬಿ ಜಾಗ. ಸೋನಿಯ ಗೇಮ್ ಕನ್ಸೋಲ್ ಪಿಎಸ್5ಗೆ ಸಿಗಿಸಿದೆ, ಫಾರ್ಮ್ಯಾಟ್ ಮಾಡಿದೆ, ನೂರು ಜಿಬಿ ತೂಗುವ ಒಂದು ಗೇಮನ್ನು ಅದಕ್ಕೆ ಸಾಗಿಸಿದೆ. ಎಲ್ಲ ಸಲೀಸು. ಆಮೇಲೆ ಗೇಮ್ ಒತ್ತಿದೆ. ಇದನ್ನು ಆಡಬೇಕಾದರೆ ವಾಪಸ್ ಕನ್ಸೋಲ್‌ನ ಸ್ಟೋರೇಜ್‌ಗೆ ತನ್ನಿ ಅಂತ ಪರದೆಯ ಮೇಲೆ ಬಂತು. ಯಾವ ಜಾಗ ಖಾಲಿ ಮಾಡೋಣ ಅಂತ ಡ್ರೈವ್ ತಂದೆನೋ, ಅದೇ ಜಾಗ ಮತ್ತೆ ಬೇಕಂತೆ!

ಡ್ರೈವ್‌ನಲ್ಲಿ ಏನೂ ದೋಷ ಇರಲಿಲ್ಲ. ನಾನೇ ಅವಸರ ಮಾಡಿದ್ದೆ. ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು: ಈ ಜಾಗ ಗೇಮ್ ಆಡೋದಕ್ಕಾ, ಇಡೋದಕ್ಕಾ? ಮನೆಯಲ್ಲಿ ಅಟ್ಟವೂ ಜಾಗವೇ, ಒಲೆ ಪಕ್ಕದ ಕಟ್ಟೆಯೂ ಜಾಗವೇ. ಹಾಗಂತ ಅಟ್ಟದ ಮೇಲೆ ಕೂತು ಯಾರೂ ತರಕಾರಿ ಹೆಚ್ಚುವುದಿಲ್ಲ, ಅಲ್ವಾ? ಈಗಿನ ಕನ್ಸೋಲ್‌ಗಳ ಸ್ಟೋರೇಜ್ ಕೂಡ ಹೀಗೆ ಎರಡು ಥರ. ಕೆಲವು ಡ್ರೈವ್‌ಗಳಿಂದ ಗೇಮ್ ನೇರವಾಗಿ ಓಡುತ್ತದೆ. ಕೆಲವು ಬರೀ ಅಟ್ಟ. ಯಾವ ಡ್ರೈವ್ ಯಾವುದಾಗುತ್ತದೆ ಅನ್ನುವುದು ಅದರ ಬೆಲೆಯಿಂದ ಗೊತ್ತಾಗುವುದಿಲ್ಲ. ನಿಮ್ಮ ಹತ್ತಿರ ಯಾವ ಕನ್ಸೋಲ್ ಇದೆ ಅನ್ನುವುದರಿಂದ ಗೊತ್ತಾಗುತ್ತದೆ.

ಜಾಗ ಎಲ್ಲಿ ಹೋಯಿತು?

2020ರ ನವೆಂಬರ್‌ನಲ್ಲಿ ಬಂದ ಮೊದಲ ಪಿಎಸ್5ರಲ್ಲಿ 825 ಜಿಬಿ ಎಸ್‌ಎಸ್‌ಡಿ ಇದೆ. ಸಿಸ್ಟಮ್ ತನ್ನ ಪಾಲು ತೆಗೆದುಕೊಂಡ ಮೇಲೆ ನಮಗೆ ಉಳಿಯುವುದು ಸುಮಾರು 667 ಜಿಬಿ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಒಂದು ಟಿಬಿಯಲ್ಲಿ ಕೈಗೆ ಸಿಗುವುದು ಸುಮಾರು 802 ಜಿಬಿ. ಸೀರೀಸ್ ಎಸ್ ಪಾಡು ಇನ್ನೂ ಕಷ್ಟ. ಡಬ್ಬದ ಮೇಲೆ 512 ಜಿಬಿ ಅಂತ ಇದ್ದರೂ ಬಳಸಲು ಸಿಗುವುದು 364 ಜಿಬಿ ಮಾತ್ರ. ನೂರು ಜಿಬಿ ದಾಟುವ ಗೇಮ್‌ಗಳು ಈಗ ಮಾಮೂಲು. ಅಂಥ ಮೂರು ಹಾಕಿದರೆ ಸೀರೀಸ್ ಎಸ್ ಹೆಚ್ಚುಕಡಿಮೆ ತುಂಬಿತು. ಆಮೇಲೆ ಬಂದ ಮಾಡೆಲ್‌ಗಳು ಸ್ವಲ್ಪ ಧಾರಾಳ. 2023ರ ಪಿಎಸ್5 ಸ್ಲಿಮ್‌ನಲ್ಲಿ ಒಂದು ಟಿಬಿ ಇದೆ, 2024ರ ಪಿಎಸ್5 ಪ್ರೊನಲ್ಲಿ ಎರಡು ಟಿಬಿ. ಪ್ರೊ ಇರುವವರು ಈ ಲೇಖನವನ್ನು ಒಂದು ವರ್ಷ ಬಿಟ್ಟು ಓದಿದರೂ ಆಗುತ್ತದೆ.

ಹಾಗಾದರೆ ಯುಎಸ್‌ಬಿಯಿಂದ ಯಾಕೆ ಆಡಲು ಬಿಡುವುದಿಲ್ಲ? ಸುಮ್ನೆ ಸತಾಯಿಸಲು ಅಲ್ಲ. ಪಿಎಸ್5ರ ಒಳಗಿನ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ನದು 2.4 ಜಿಬಿ. ಈ ಕನ್ಸೋಲ್‌ಗಳಿಗೆ ಅಂತಲೇ ಮಾಡಿದ ಗೇಮ್‌ಗಳು ಆ ವೇಗವನ್ನು ನೆಚ್ಚಿಕೊಂಡಿರುತ್ತವೆ. ನೀವು ಬಾಗಿಲು ತೆರೆಯುವಷ್ಟರಲ್ಲಿ ಬಾಗಿಲ ಆಚೆಯ ಊರನ್ನು ಡ್ರೈವ್‌ನಿಂದ ಎಳೆದು ತಂದಿರುತ್ತವೆ. ಯುಎಸ್‌ಬಿ ದಾರಿ ಅದರ ಮುಂದೆ ಗಲ್ಲಿ. 10 ಜಿಬಿಪಿಎಸ್ (ಇದು ಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್) ಅಂತ ಬರೆದಿರುವ ಪೋರ್ಟ್‌ನಲ್ಲೂ ಸೆಕೆಂಡಿಗೆ ಒಂದು ಜಿಬಿ ದಾಟುವುದು ಕಷ್ಟ. ಅದಕ್ಕೇ ಸೋನಿಯೂ ಮೈಕ್ರೋಸಾಫ್ಟ್‌ನವರೂ ಒಂದೇ ನಿಯಮ ಇಟ್ಟಿದ್ದಾರೆ: ಹೊಸ ತಲೆಮಾರಿನ ಗೇಮನ್ನು ಯುಎಸ್‌ಬಿ ಡ್ರೈವ್‌ನಲ್ಲಿ ಇಡಬಹುದು, ಅಲ್ಲಿಂದ ಆಡುವಂತಿಲ್ಲ.

ಹಳೆಯ ಗೇಮ್‌ಗಳಿಗೆ ಈ ಕಟ್ಟುಪಾಡು ಇಲ್ಲ. ಪಿಎಸ್4 ಗೇಮ್‌ಗಳನ್ನು ಪಿಎಸ್5ರಲ್ಲಿ ಯುಎಸ್‌ಬಿಯಿಂದಲೇ ಆಡಬಹುದು. ಎಕ್ಸ್‌ಬಾಕ್ಸ್ ಒನ್, 360 ಮತ್ತು ಮೊದಲ ಎಕ್ಸ್‌ಬಾಕ್ಸ್‌ನ ಗೇಮ್‌ಗಳಿಗೂ ಅಷ್ಟೇ. ನೀವು ದಿನಾ ಆಡುವುದು ಇಂಥವೇ ಆದರೆ ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವೇ ಇಲ್ಲ. ಇದು ಬಹಳ ಜನರ ಗಮನಕ್ಕೆ ಬರದ ಉಳಿತಾಯ. ಅಂಥವರು ನೇರ ಯುಎಸ್‌ಬಿ ಭಾಗಕ್ಕೆ ಹೋಗಿ.

ಪಿಎಸ್5: ಸ್ಲಾಟ್ ಇದೆ, ಷರತ್ತುಗಳೂ ಇವೆ

ಪಿಎಸ್5ರ ಒಳಗೆ ಒಂದು ಎಂ.2 ಸ್ಲಾಟ್ ಇದೆ, ಅಂದರೆ ಕಡ್ಡಿಯಂಥ ತೆಳು ಎಸ್‌ಎಸ್‌ಡಿ ಕೂರಿಸುವ ಕಿಂಡಿ. ಕನ್ಸೋಲ್ ಬಂದಾಗಲೇ ಅದು ಇತ್ತು, ಆದರೆ ಬೀಗ ಹಾಕಿತ್ತು. 2021ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ಸೋನಿ ಎಲ್ಲರಿಗೂ ಅದನ್ನು ತೆರೆಯಿತು. ಇಲ್ಲಿ ಹಾಕಿದ ಡ್ರೈವ್‌ನಿಂದ ಪಿಎಸ್5 ಗೇಮ್ ನೇರವಾಗಿ ಓಡುತ್ತದೆ. ಒಲೆ ಪಕ್ಕದ ಕಟ್ಟೆ ಅಂದೆನಲ್ಲ, ಇದೇ ಅದು. ಮಾರುಕಟ್ಟೆಯಲ್ಲಿ ಸಿಗುವ ಮಾಮೂಲಿ ಡ್ರೈವನ್ನೇ ತರಬಹುದು, ಸೋನಿಯದೇ ಆಗಬೇಕಿಲ್ಲ. ಈ ಸ್ಲಾಟ್‌ಗಾಗಿ ಕವರ್ ಬಿಚ್ಚಿದರೆ ವಾರಂಟಿ ಹೋಗುವುದೂ ಇಲ್ಲ. ಸೋನಿಯೇ ಹೇಳಿಕೊಟ್ಟಿರುವ ಕೆಲಸ ಇದು.

ಆದರೆ ಸಿಕ್ಕಿದ ಎಂ.2 ತಂದು ಹಾಕಿದರೆ ಆಗುವುದಿಲ್ಲ. ನೋಟಕ್ಕೆ ಒಂದೇ ಥರ ಇರುವ ಎಂ.2 ಕಡ್ಡಿಗಳಲ್ಲಿ ಹಲವು ಜಾತಿ ಇವೆ. ಸಾಟಾ ಅನ್ನುವ ಹಳೆಯ, ನಿಧಾನದ ಸಂಪರ್ಕದ ಜಾತಿಯದು ಕೆಲಸ ಮಾಡುವುದಿಲ್ಲ. ಪಿಸಿಐಇ ಅನ್ನುವ ವೇಗದ ದಾರಿ ಬಳಸುವ ಎನ್‌ವಿಎಂಇ ಜಾತಿಯಲ್ಲೂ ಜೆನ್ 3, ಅಂದರೆ ಮೂರನೇ ತಲೆಮಾರಿನದು, ಆಗುವುದಿಲ್ಲ. ಬೇಕಾಗಿರುವುದು ಪಿಸಿಐಇ ಜೆನ್ 4 ಎನ್‌ವಿಎಂಇ. ಹಳೆಯ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಡ್ರೈವ್ ಮನೆಯಲ್ಲಿ ಇದೆ, ಅದನ್ನೇ ಹಾಕಿಬಿಡೋಣ ಅಂತ ಅನ್ನಿಸಿದರೆ ಮೊದಲು ಅದರ ಲೇಬಲ್ ಓದಿ. ಬಹುತೇಕ ಅದು ಜೆನ್ 3 ಆಗಿರುತ್ತದೆ.

ವೇಗದ ವಿಷಯಕ್ಕೆ ಬಂದರೆ, ಸೆಕೆಂಡಿಗೆ 5,500 ಎಂಬಿ ಅಥವಾ ಅದಕ್ಕಿಂತ ಜಾಸ್ತಿ ಓದುವ ಡ್ರೈವ್ ಇರಲಿ ಅನ್ನುವುದು ಸೋನಿಯ ಸಲಹೆ. ಪೇಟೆಯಲ್ಲಿ 7,000 ದಾಟಿದವು ಬೇಕಾದಷ್ಟಿವೆ. ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ 7,300, ಸ್ಯಾಮ್‌ಸಂಗ್ 990 ಪ್ರೊ 7,450 ಅಂತ ಬರೆದುಕೊಂಡಿವೆ. ಆ ಎರಡರ ನಡುವಿನ 150ಕ್ಕಾಗಿ ದುಡ್ಡು ಜಾಸ್ತಿ ಕೊಡಬೇಡಿ. 5,500ರ ಡ್ರೈವ್‌ಗೂ 7,400ರ ಡ್ರೈವ್‌ಗೂ ಲೋಡಿಂಗ್‌ನಲ್ಲಿ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ. ಗೇಮ್ ಮಾಡಿದವರು 5.5 ಜಿಬಿಯ ಒಳಗಿನ ಡ್ರೈವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಮಾಡಿರುತ್ತಾರೆ. ಇನ್ನು ಜೆನ್ 5 ಡ್ರೈವ್. ಹಾಕಿದರೆ ಓಡುತ್ತದೆ, ಆದರೆ ಸ್ಲಾಟ್ ಜೆನ್ 4 ಆದ್ದರಿಂದ ಜೆನ್ 4 ವೇಗದಲ್ಲೇ ಓಡುತ್ತದೆ. ಬೆಲೆ ಜಾಸ್ತಿ, ಬಿಸಿ ಜಾಸ್ತಿ, ಲಾಭ ಸೊನ್ನೆ.

ನಾನು ವೇಗಕ್ಕಿಂತ ಹೆಚ್ಚು ಗಮನ ಕೊಡುವುದು ಡಿರ್ಯಾಮ್, ಅಂದರೆ ಡ್ರೈವ್‌ನೊಳಗಿನ ಪುಟ್ಟ ವೇಗದ ಮೆಮೊರಿಯ ವಿಷಯಕ್ಕೆ. ಕೆಲವು ಅಗ್ಗದ ಡ್ರೈವ್‌ಗಳಲ್ಲಿ ತಮ್ಮದೇ ಡಿರ್ಯಾಮ್ ಚಿಪ್ ಇರುವುದಿಲ್ಲ. ಯಾವ ಡೇಟಾ ಎಲ್ಲಿದೆ ಅನ್ನುವ ಪಟ್ಟಿ ಇಟ್ಟುಕೊಳ್ಳಲು ಅವು ಕಂಪ್ಯೂಟರ್‌ನ ಮೆಮೊರಿಯಲ್ಲಿ ಸ್ವಲ್ಪ ಸಾಲ ತೆಗೆದುಕೊಳ್ಳುತ್ತವೆ. ಇದಕ್ಕೆ ಹೋಸ್ಟ್ ಮೆಮೊರಿ ಬಫರ್ ಅನ್ನುತ್ತಾರೆ. ಪಿಎಸ್5 ಈ ಸಾಲ ಕೊಡುವುದಿಲ್ಲ. ಹಾಗಾಗಿ ಕಂಪ್ಯೂಟರ್‌ನಲ್ಲಿ ಚುರುಕಾಗಿದ್ದ ಡ್ರೈವ್ ಇಲ್ಲಿ ಸ್ವಲ್ಪ ಮಂಕಾಗಬಹುದು. ಡಿರ್ಯಾಮ್ ಇಲ್ಲದ್ದು ಕೆಲಸವೇ ಮಾಡುವುದಿಲ್ಲ ಅಂತಲ್ಲ, ಎಷ್ಟೋ ಜನ ಹಾಕಿಕೊಂಡು ಆಡುತ್ತಿದ್ದಾರೆ. ಬೆಲೆಯಲ್ಲಿ ದೊಡ್ಡ ಅಂತರ ಇಲ್ಲದಿದ್ದರೆ ಡಿರ್ಯಾಮ್ ಇರುವುದನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಮಾತು.

ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅನ್ನುವ ಜಗಳವೂ ಇದೆ. ಒಂದು ಸೆಲ್‌ನಲ್ಲಿ ಮೂರು ಬಿಟ್ ತುಂಬಿದರೆ ಟಿಎಲ್‌ಸಿ, ನಾಲ್ಕು ತುಂಬಿದರೆ ಕ್ಯೂಎಲ್‌ಸಿ. ನಾಲ್ಕು ತುಂಬಿದ್ದು ಬೇಗ ಸವೆಯುತ್ತದೆ, ದೊಡ್ಡ ಫೈಲ್ ಬರೆಯುವಾಗ ಮಧ್ಯದಲ್ಲಿ ನಿಧಾನ ಆಗುತ್ತದೆ. ಕನ್ಸೋಲ್‌ಗೆ ಇದು ದೊಡ್ಡ ತಲೆನೋವಲ್ಲ. ಗೇಮನ್ನು ಒಮ್ಮೆ ಬರೆಯುತ್ತೇವೆ, ಆಮೇಲೆ ತಿಂಗಳುಗಟ್ಟಲೆ ಓದುತ್ತೇವೆ, ಅಷ್ಟೇ. ಒಳ್ಳೆಯ ಒಂದು ಟಿಬಿ ಟಿಎಲ್‌ಸಿ ಡ್ರೈವ್‌ಗೆ ಸಾಮಾನ್ಯವಾಗಿ 600 ಟಿಬಿ ಬರೆಯುವವರೆಗೆ ವಾರಂಟಿ ಇರುತ್ತದೆ. ದಿನಕ್ಕೊಂದು ನೂರು ಜಿಬಿಯ ಗೇಮ್ ಇಳಿಸಿದರೂ ಅಷ್ಟು ಬರೆಯಲು ಹದಿನಾರು ವರ್ಷ ಬೇಕು. ಅಷ್ಟರಲ್ಲಿ ಕನ್ಸೋಲ್ ಎಲ್ಲಿರುತ್ತದೋ, ನಾವೆಲ್ಲಿರುತ್ತೇವೋ.

ಜನ ನಿಜವಾಗಿ ಎಡವುವುದು ಹೀಟ್‌ಸಿಂಕ್‌ನಲ್ಲಿ, ಅಂದರೆ ಡ್ರೈವ್‌ನ ಬಿಸಿ ಹೊರಗೆ ಎಳೆಯುವ ಲೋಹದ ಪಟ್ಟಿಯಲ್ಲಿ. ಈ ಡ್ರೈವ್‌ಗಳು ಜೋರಾಗಿ ಓದುವಾಗ ಬಿಸಿಯಾಗುತ್ತವೆ. ಮಿತಿ ಮೀರಿ ಕಾದರೆ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದಕ್ಕೇ ಪಿಎಸ್5ಗೆ ಹೀಟ್‌ಸಿಂಕ್ ಬೇಕೇಬೇಕು ಅಂತ ಸೋನಿ ಹೇಳಿದೆ. ಆದರೆ ಸ್ಲಾಟ್‌ನ ಗುಂಡಿ ಆಳ ಕಮ್ಮಿ. ಡ್ರೈವ್, ಹೀಟ್‌ಸಿಂಕ್ ಎಲ್ಲ ಸೇರಿ ದಪ್ಪ 11.25 ಮಿ.ಮೀ. ಮೀರಬಾರದು. ಬೋರ್ಡ್‌ನ ಮೇಲ್ಭಾಗಕ್ಕೆ 8 ಮಿ.ಮೀ., ಕೆಳಭಾಗಕ್ಕೆ 2.45 ಮಿ.ಮೀ. ಅಗಲ 25 ಮಿ.ಮೀ. ಒಳಗಿರಬೇಕು. ಕಂಪ್ಯೂಟರ್‌ಗೆ ಅಂತ ಮಾಡಿದ, ಬಾಚಣಿಗೆ ಹಲ್ಲಿನ ಹಾಗೆ ಎದ್ದು ನಿಂತ ಹೀಟ್‌ಸಿಂಕ್‌ಗಳು ಇಲ್ಲಿ ಹಿಡಿಯುವುದಿಲ್ಲ. ನಾನು ಎರಡನೇ ಸಲ ಎಡವಿದ್ದು ಇಲ್ಲೇ. ಡ್ರೈವ್ ಸರಿಯಾಗಿತ್ತು, ಬೇರೆಯಾಗಿ ತರಿಸಿದ ಹೀಟ್‌ಸಿಂಕ್ ಎರಡು ಮಿಲಿಮೀಟರ್ ಜಾಸ್ತಿ ಎತ್ತರ ಇತ್ತು. ಸ್ಲಾಟ್‌ನ ತಗಡಿನ ಮುಚ್ಚಳ ಒತ್ತಿದರೂ ಕೂರಲಿಲ್ಲ. ಒತ್ತಬಾರದು ಕೂಡ.

ಹಾಗಾಗಿ ಮೊದಲ ಸಲ ಹಾಕುವವರು ಕಾರ್ಖಾನೆಯಲ್ಲೇ ಹೀಟ್‌ಸಿಂಕ್ ಅಂಟಿಸಿ ಬಂದ ಡ್ರೈವ್ ತೆಗೆದುಕೊಳ್ಳಿ. ಡಬ್ಬದ ಮೇಲೆ ಪಿಎಸ್5ಗೆ ಹೊಂದುತ್ತದೆ ಅಂತ ಬರೆದಿರುತ್ತದೆ. ಬೇರೆ ಬೇರೆ ಕೊಂಡರೆ ಸ್ವಲ್ಪ ಅಗ್ಗವಾಗಬಹುದು. ಆಗ ಒಂದು ಎಚ್ಚರ: ಹೀಟ್‌ಸಿಂಕ್ ಜೊತೆ ಬರುವ ಥರ್ಮಲ್ ಪ್ಯಾಡ್‌ಗೆ (ಬಿಸಿ ದಾಟಿಸುವ ಮೆತ್ತನೆ ಪಟ್ಟಿ) ಎರಡೂ ಕಡೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಸುಲಿಯಬೇಕು. ಸುಲಿಯದೆ ಅಂಟಿಸಿ, ಇಷ್ಟೊಂದು ಯಾಕೆ ಬಿಸಿ ಆಗುತ್ತಿದೆ ಅಂತ ತಲೆ ಕೆರೆದುಕೊಂಡವರು ಇದ್ದಾರೆ.

ಗಾತ್ರ 250 ಜಿಬಿಯಿಂದ 4 ಟಿಬಿವರೆಗೆ ಅಂತ ಮೊದಲು ಇತ್ತು. 2023ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ 8 ಟಿಬಿವರೆಗೂ ಹಾಕಬಹುದು. ಉದ್ದದಲ್ಲಿ 2230ರಿಂದ 22110ರವರೆಗೆ ಐದು ಅಳತೆ ಕೂರುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 2280. ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ.

ಬಿಚ್ಚಿ ಹಾಕುವ ಕೆಲಸ

ಹೆದರಬೇಡಿ, ಕಾಲು ಗಂಟೆಯ ಕೆಲಸ. ಬೇಕಾಗಿರುವುದು ಒಂದು ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು, ಒಂದು ಮೆತ್ತನೆ ಬಟ್ಟೆ. ಕನ್ಸೋಲನ್ನು ರೆಸ್ಟ್ ಮೋಡ್‌ನಲ್ಲಿ ಬಿಡಬೇಡಿ, ಪೂರ್ತಿ ಆಫ್ ಮಾಡಿ. ಎಲ್ಲ ವೈರ್ ಕಿತ್ತು ಆರಲು ಬಿಡಿ. ಸ್ಲಾಟ್‌ಗೆ ಕೈ ಹಾಕುವ ಮುಂಚೆ ಯಾವುದಾದರೂ ಲೋಹದ ವಸ್ತು ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ.

ಬಿಳಿ ಕವರ್ ಕಳಚುವುದೇ ಮೊದಲ ಸಲ ಎದೆ ಢವಢವ ಅನ್ನಿಸುವ ಭಾಗ. ಟಕ್ ಅಂತ ಸದ್ದು ಬರುತ್ತದೆ, ಮುರಿಯಿತೇನೋ ಅನ್ನಿಸುತ್ತದೆ. ಮುರಿದಿರುವುದಿಲ್ಲ. ಒಳಗೆ ಉದ್ದನೆಯ ತಗಡಿನ ಮುಚ್ಚಳ ಕಾಣುತ್ತದೆ, ಅದಕ್ಕೆ ಒಂದೇ ಸ್ಕ್ರೂ. ಅದನ್ನು ತೆಗೆದರೆ ಸ್ಲಾಟ್. ಸ್ಲಾಟ್‌ನ ಉದ್ದಕ್ಕೂ 110, 80, 60, 42, 30 ಅಂತ ಗುರುತು ಇರುತ್ತದೆ. ಡ್ರೈವ್‌ನ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಸ್ಕ್ರೂ ಕೂರಬೇಕು. ಆ ಸ್ಕ್ರೂ ಕೆಳಗೆ ಮೆಂತ್ಯ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಳೆ ಇರುತ್ತದೆ, ಸ್ಪೇಸರ್ ಅಂತ. ಬಹಳ ಜನ ಸ್ಕ್ರೂ ಒಂದನ್ನೇ 80ರ ತೂತಿಗೆ ತಂದು ಬಿಗಿ ಮಾಡುತ್ತಾರೆ, ಬಳೆ ಹಳೆಯ ಜಾಗದಲ್ಲೇ ಉಳಿದಿರುತ್ತದೆ. ಆಗ ಡ್ರೈವ್ ತುದಿ ಕೆಳಕ್ಕೆ ಬಾಗುತ್ತದೆ. ಮೊದಲು ಬಳೆ ಜರುಗಿಸಿ, ಡ್ರೈವನ್ನು ಓರೆಯಾಗಿ ಕಿಂಡಿಗೆ ತಳ್ಳಿ, ಮೆಲ್ಲಗೆ ಮಲಗಿಸಿ, ಆಮೇಲೆ ಸ್ಕ್ರೂ. ಚಿನ್ನದ ಬಣ್ಣದ ಹಲ್ಲುಗಳು ಪೂರ್ತಿ ಒಳಗೆ ಹೋಗಿರಬೇಕು. ಇಣುಕುತ್ತಿದ್ದರೆ ತೆಗೆದು ಮತ್ತೆ ತಳ್ಳಿ. ಸ್ಕ್ರೂ ಬಿಗಿ ಮಾಡುವಾಗ ಬಲಪ್ರಯೋಗ ಬೇಡ. ತಗಡಿನ ಮುಚ್ಚಳವನ್ನು ಮರೆಯದೆ ವಾಪಸ್ ಹಾಕಿ.

ಆನ್ ಮಾಡಿದ ತಕ್ಷಣ ಪಿಎಸ್5 ತಾನೇ ಡ್ರೈವನ್ನು ಗುರುತಿಸಿ ಫಾರ್ಮ್ಯಾಟ್ ಮಾಡೋಣವೇ ಅಂತ ಕೇಳುತ್ತದೆ. ಮಾಡಿದ ಮೇಲೆ ಅಳೆದ ವೇಗವನ್ನೂ ತೋರಿಸುತ್ತದೆ. ಆ ಸಂಖ್ಯೆ ಡಬ್ಬದ ಮೇಲಿನದಕ್ಕಿಂತ ಸ್ವಲ್ಪ ಕಮ್ಮಿ ಬಂದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ, ಅದು ಸಹಜ. ಕೊನೆಗೆ ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ ಹೊಸ ಗೇಮ್‌ಗಳು ಎಲ್ಲಿ ಇಳಿಯಬೇಕು ಅಂತ ಆರಿಸಿ.

ಸೇವ್ ಫೈಲ್ ಬಗ್ಗೆ ಒಂದು ಮಾತು. ಗೇಮ್ ಎಂ.2ರಲ್ಲಿ ಇದ್ದರೂ ನಿಮ್ಮ ಸೇವ್ ಫೈಲ್ ಇರುವುದು ಕನ್ಸೋಲ್‌ನ ಒಳ ಸ್ಟೋರೇಜ್‌ನಲ್ಲೇ. ಪಿಎಸ್5 ಗೇಮ್‌ನ ಸೇವ್ ಫೈಲನ್ನು ಪೆನ್‌ಡ್ರೈವ್‌ಗೆ ನಕಲು ಮಾಡಲು ಆಗುವುದಿಲ್ಲ, ಅದಕ್ಕೆ ಸೋನಿಯ ಚಂದಾ ಸೇವೆ ಪಿಎಸ್ ಪ್ಲಸ್‌ನ ಕ್ಲೌಡ್ ಬೇಕು. ಹೊಸ ಡ್ರೈವ್ ಹಾಕಿದೆ, ನನ್ನ ನೂರು ಗಂಟೆ ಅಲ್ಲಿ ಭದ್ರ ಅಂದುಕೊಂಡು ಕೂರಬೇಡಿ.

ಎಕ್ಸ್‌ಬಾಕ್ಸ್: ಸುಲಭ, ಆದರೆ ದುಬಾರಿ

ಇಲ್ಲಿ ಬಿಚ್ಚುವ ಮಾತೇ ಇಲ್ಲ. ಸೀರೀಸ್ ಎಕ್ಸ್ ಮತ್ತು ಎಸ್‌ನ ಹಿಂದೆ ಒಂದು ಕಿಂಡಿ ಇದೆ. ಅದಕ್ಕೆ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಒಂದು ಎಕ್ಸ್‌ಪ್ಯಾನ್ಷನ್ ಕಾರ್ಡ್ ತಳ್ಳಿದರೆ ಆಯಿತು. ಒಳಗಿನ ಎಸ್‌ಎಸ್‌ಡಿಯಷ್ಟೇ ವೇಗ, ಎಲ್ಲ ಗೇಮ್ ನೇರ ಆಡಬಹುದು, ಬಿಟ್ಟ ಜಾಗದಿಂದಲೇ ಗೇಮ್ ಮುಂದುವರಿಸುವ ಕ್ವಿಕ್ ರೆಸ್ಯೂಮ್ ಕೂಡ ಕೆಲಸ ಮಾಡುತ್ತದೆ. ಗೆಳೆಯನ ಮನೆಗೆ ಹೋಗುವಾಗ ಕಾರ್ಡ್ ಕಿತ್ತು ಜೇಬಲ್ಲಿ ಹಾಕಿಕೊಂಡು ಹೋಗಬಹುದು. ಅಲ್ಲಿ ನಿಮ್ಮ ಅಕೌಂಟ್‌ನಲ್ಲಿ ಸೈನ್ ಇನ್ ಆದರೆ ಗೇಮ್ ಸಿದ್ಧ. ಈ ಸುಖ ಪಿಎಸ್5ರಲ್ಲಿ ಇಲ್ಲ. ಅಲ್ಲಿನ ಎಂ.2 ಇನ್ನೊಂದು ಪಿಎಸ್5ಗೆ ಹೋದರೆ ಮತ್ತೆ ಫಾರ್ಮ್ಯಾಟ್ ಆಗಬೇಕು.

ತೊಡಕು ಏನೆಂದರೆ ಈ ಕಾರ್ಡ್ ಮಾಡುವವರು ಬೆರಳೆಣಿಕೆಯಷ್ಟು. ಮೊದಲ ಎರಡು ವರ್ಷ ಸೀಗೇಟ್ ಒಂದೇ ಇತ್ತು. 2023ರಲ್ಲಿ ಡಬ್ಲ್ಯುಡಿ ಬ್ಲ್ಯಾಕ್ ಸಿ50 ಬಂತು. ಪೈಪೋಟಿ ಕಮ್ಮಿ ಇರುವಲ್ಲಿ ಬೆಲೆ ಇಳಿಯುವುದಿಲ್ಲ. ಅಷ್ಟೇ ಗಾತ್ರದ ಎಂ.2 ಡ್ರೈವ್‌ಗಿಂತ ಈ ಕಾರ್ಡ್ ಸಾಮಾನ್ಯವಾಗಿ ದುಬಾರಿ. ನಾಳೆ ಎಕ್ಸ್‌ಬಾಕ್ಸ್ ಬಿಟ್ಟರೆ ಕಾರ್ಡ್ ಬೇರೆಲ್ಲೂ ಉಪಯೋಗಕ್ಕೆ ಬರುವುದಿಲ್ಲ. ಪಿಎಸ್5ರಿಂದ ಬಿಚ್ಚಿದ ಎಂ.2 ಆದರೆ ಕಂಪ್ಯೂಟರ್‌ಗೆ ಹಾಕಬಹುದು, ಒಂದು ಕೇಸ್‌ಗೆ ಸೇರಿಸಿ ಯುಎಸ್‌ಬಿ ಡ್ರೈವ್ ಮಾಡಿಕೊಳ್ಳಬಹುದು.

ಸೀರೀಸ್ ಎಸ್‌ಗೆ ಎರಡು ಟಿಬಿ ಕಾರ್ಡ್ ಹಾಕುವುದು ನನ್ನ ಕಣ್ಣಿಗೆ ಮೂಗಿಗಿಂತ ಮೂಗುತಿ ಭಾರ ಆದ ಹಾಗೆ. ಅಗ್ಗ ಅಂತ ಆ ಕನ್ಸೋಲ್ ಕೊಂಡವರು ಜಾಗಕ್ಕೆ ಅದರ ಬೆಲೆಯ ದೊಡ್ಡ ಪಾಲು ಸುರಿಯುವುದು ಯಾಕೆ? 512 ಜಿಬಿ ಕಾರ್ಡ್ ಅಥವಾ ಒಂದು ಯುಎಸ್‌ಬಿ ಎಸ್‌ಎಸ್‌ಡಿ ಸಾಕು. ಇನ್ನೂ ಕೊಂಡಿಲ್ಲ ಅನ್ನುವವರು ಒಂದು ಟಿಬಿ ಇರುವ ಸೀರೀಸ್ ಎಸ್ ನೋಡಿ, 2023ರಿಂದ ಅದೂ ಇದೆ. ಸೀರೀಸ್ ಎಕ್ಸ್ ಇರುವವರಿಗೆ ಒಂದು ಟಿಬಿ ಕಾರ್ಡ್ ಸರಿಯಾದ ಅಳತೆ. ಒಳಗಿನ ಡ್ರೈವನ್ನೇ ಬಿಚ್ಚಿ ದೊಡ್ಡದು ಹಾಕುತ್ತೇನೆ ಅನ್ನುವ ಸಾಹಸ ಬೇಡ. ಬಳಕೆದಾರರಿಗೆ ಅಂತ ಆ ದಾರಿಯನ್ನು ಮೈಕ್ರೋಸಾಫ್ಟ್ ಇಟ್ಟಿಲ್ಲ.

ಯುಎಸ್‌ಬಿ: ಅಟ್ಟಕ್ಕೂ ಬೆಲೆ ಇದೆ

ನನ್ನ ತಪ್ಪು ಡ್ರೈವ್ ಬಗ್ಗೆ ಹೇಳಿದ್ದು ಕೇಳಿ ಯುಎಸ್‌ಬಿ ದಂಡ ಅಂದುಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. 100 ಎಂಬಿಪಿಎಸ್ (ಇದೂ ಬಿಟ್ ಲೆಕ್ಕವೇ) ಇಂಟರ್‌ನೆಟ್‌ನಲ್ಲಿ ನೂರು ಜಿಬಿಯ ಗೇಮ್ ಇಳಿಯಲು ಎರಡು ಗಂಟೆಗಿಂತ ಜಾಸ್ತಿ ಬೇಕು. ಅದೂ ಪೂರ್ತಿ ವೇಗ ಸಿಕ್ಕರೆ. ಸೆಕೆಂಡಿಗೆ 120 ಎಂಬಿ ಕೊಡುವ ಯುಎಸ್‌ಬಿ ಹಾರ್ಡ್‌ಡಿಸ್ಕ್‌ನಿಂದ ಅದೇ ಗೇಮ್ ವಾಪಸ್ ತರಲು ಹದಿನಾಲ್ಕು ನಿಮಿಷ. 400 ಎಂಬಿ ಕೊಡುವ ಯುಎಸ್‌ಬಿ ಎಸ್‌ಎಸ್‌ಡಿಯಿಂದ ನಾಲ್ಕು ನಿಮಿಷ ಚಿಲ್ಲರೆ. ಇಂಟರ್‌ನೆಟ್ ನಿಧಾನ ಇರುವವರಿಗೆ, ತಿಂಗಳಿಗೆ ಇಷ್ಟೇ ಡೇಟಾ ಅಂತ ಮಿತಿ ಇರುವವರಿಗೆ ಅಟ್ಟ ದೊಡ್ಡ ಅನುಕೂಲ. ಎರಡು ಗಾಜಿನ ಲೋಟ ತೊಳೆದು ಬರುವಷ್ಟರಲ್ಲಿ ಗೇಮ್ ಕೆಳಗೆ ಇಳಿದಿರುತ್ತದೆ. ಅದೇ ನಿಮ್ಮ ಮನೆಗೆ 500 ಎಂಬಿಪಿಎಸ್ ಬರುತ್ತದೆ, ಮಿತಿಯೂ ಇಲ್ಲ ಅಂದರೆ ಅಟ್ಟ ಯಾಕೆ? ಅಳಿಸಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳಿ.

ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ? ಬರೀ ಇಡಲು ಆದರೆ ಹಾರ್ಡ್‌ಡಿಸ್ಕ್ ಸಾಕು, ಟಿಬಿ ಲೆಕ್ಕದಲ್ಲಿ ಅದೇ ಅಗ್ಗ. ಬೀಳಿಸಬೇಡಿ ಅಷ್ಟೇ. ಪಿಎಸ್4 ಅಥವಾ ಎಕ್ಸ್‌ಬಾಕ್ಸ್ ಒನ್ ಗೇಮ್‌ಗಳನ್ನು ಅಲ್ಲಿಂದಲೇ ಆಡುವುದಾದರೆ ಎಸ್‌ಎಸ್‌ಡಿ. ಲೋಡಿಂಗ್‌ನಲ್ಲಿ ಎದ್ದು ಕಾಣುವ ವ್ಯತ್ಯಾಸ ಇದೆ. ಇದಕ್ಕೆ ಸೆಕೆಂಡಿಗೆ 2,000 ಎಂಬಿ ಅಂತ ಬರೆದಿರುವ ದುಬಾರಿ ಯುಎಸ್‌ಬಿ ಡ್ರೈವ್ ಬೇಡ, ಕನ್ಸೋಲ್‌ನ ಪೋರ್ಟ್‌ಗೆ ಅಷ್ಟು ತಾಕತ್ತು ಇಲ್ಲ.

ಪಿಎಸ್5ಗೆ ಕನಿಷ್ಠ 250 ಜಿಬಿ, ಗರಿಷ್ಠ 8 ಟಿಬಿ. ಎಕ್ಸ್‌ಬಾಕ್ಸ್‌ಗೆ ಕನಿಷ್ಠ 128 ಜಿಬಿ, ಯುಎಸ್‌ಬಿ 3.0. ಯಾವ ಪೋರ್ಟ್‌ಗೆ ಸಿಗಿಸುತ್ತೀರಿ ಅನ್ನುವುದೂ ಮುಖ್ಯ. ಮೊದಲ ಪಿಎಸ್5ರ ಮುಂದಿರುವ ಅಗಲ ಬಾಯಿಯ ಯುಎಸ್‌ಬಿ ನಿಧಾನದ್ದು, ಕಂಟ್ರೋಲರ್ ಚಾರ್ಜ್ ಮಾಡಲು ಸರಿ. ಡ್ರೈವ್‌ಗೆ ಹಿಂದಿನ ಪೋರ್ಟ್ ಬಳಸಿ. ಹಬ್ ಮೂಲಕ ಸಿಗಿಸಿದರೆ ಪಿಎಸ್5 ಒಪ್ಪುವುದಿಲ್ಲ.

ಉಳಿದವುಗಳ ಕತೆ

ನಿಂಟೆಂಡೊ ಸ್ವಿಚ್‌ಗೆ ಎಸ್‌ಎಸ್‌ಡಿ ಹಾಕುವ ದಾರಿ ಇಲ್ಲ. ಮೈಕ್ರೋಎಸ್‌ಡಿ ಕಾರ್ಡೇ ಗತಿ, 2 ಟಿಬಿವರೆಗೆ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲಿ 256 ಜಿಬಿ ಇದೆ. ಅದು ಗೇಮ್‌ಗೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡ್ ಮಾತ್ರ ಒಪ್ಪುತ್ತದೆ. ಹೆಸರು ಕಾರ್ಡ್, ಒಳಗೆ ಓಡುವುದು ಎಸ್‌ಎಸ್‌ಡಿಗಳ ಎನ್‌ವಿಎಂಇ ಭಾಷೆಯೇ. ಹಳೆಯ ಸ್ವಿಚ್‌ನ ಕಾರ್ಡನ್ನು ಇದಕ್ಕೆ ಹಾಕಿದರೆ ಅದರಲ್ಲಿನ ಫೋಟೊ, ವಿಡಿಯೊ ತರಬಹುದು, ಗೇಮ್ ಆಡಲು ಆಗುವುದಿಲ್ಲ. ಕೊಳ್ಳುವಾಗ ಎಕ್ಸ್‌ಪ್ರೆಸ್ ಅನ್ನುವ ಪದ ಇದೆಯೇ ಅಂತ ಎರಡು ಸಲ ನೋಡಿ.

ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಒಳಗೆ ಎಂ.2 ಇದೆ, ಆದರೆ ಪುಟ್ಟ 2230 ಅಳತೆಯದು. ಪಿಎಸ್5ಗೆ ತಂದ ಉದ್ದನೆಯ 2280 ಇಲ್ಲಿ ಕೂರುವುದಿಲ್ಲ. ಬದಲಿಸಬಹುದು, ಆದರೆ ಬ್ಯಾಟರಿ ಇರುವ ಯಂತ್ರ ಆದ್ದರಿಂದ ಇನ್ನಷ್ಟು ಎಚ್ಚರ ಬೇಕು. ಹಿಂಬದಿ ಬಿಚ್ಚುವ ಮೊದಲು ಮೈಕ್ರೋಎಸ್‌ಡಿ ಕಾರ್ಡ್ ಹೊರಗೆ ತೆಗೆಯಿರಿ. ಮರೆತರೆ ಕವರ್ ಎಳೆಯುವಾಗ ಕಾರ್ಡ್ ಎರಡು ತುಂಡು. ಇಲ್ಲಿ ಮೈಕ್ರೋಎಸ್‌ಡಿಯಿಂದಲೂ ಗೇಮ್ ಆರಾಮಾಗಿ ಓಡುತ್ತದೆ. ಹಾಗಾಗಿ ನಾನಾದರೆ ಮೊದಲು ಕಾರ್ಡ್ ಹಾಕಿ ನೋಡುತ್ತೇನೆ, ಸಾಲದಿದ್ದರೆ ಆಮೇಲೆ ಸ್ಕ್ರೂಡ್ರೈವರ್.

ಹಳೆಯ ಪಿಎಸ್4ಗೆ ಮಾತ್ರ ಎಸ್‌ಎಸ್‌ಡಿ ಹಾಕಿದರೆ ಮುದುಕನಿಗೆ ಹರೆಯ ಬಂದ ಹಾಗೆ. ಅದರಲ್ಲಿ ಇರುವುದು ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್. ಯಾವುದೇ ಅಗ್ಗದ ಸಾಟಾ ಎಸ್‌ಎಸ್‌ಡಿ ಆ ಜಾಗಕ್ಕೆ ಕೂರುತ್ತದೆ, ದಪ್ಪ 9.5 ಮಿ.ಮೀ. ಒಳಗಿದ್ದರೆ ಸಾಕು. ಆದರೆ ಇಲ್ಲಿ ಇದ್ದ ಡ್ರೈವನ್ನೇ ಕಿತ್ತು ಹಾಕುತ್ತಿದ್ದೀರಿ, ಹಾಗಾಗಿ ಸಿಸ್ಟಮ್ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಿಂದ ಮತ್ತೆ ಹಾಕಬೇಕು. ಸೇವ್ ಫೈಲ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಯುಎಸ್‌ಬಿ ಎಸ್‌ಎಸ್‌ಡಿ ಸಿಗಿಸಿ. 2017ರ 4.50 ಅಪ್‌ಡೇಟ್‌ನಿಂದ ಪಿಎಸ್4 ಗೇಮ್‌ಗಳು ಅಲ್ಲಿಂದಲೂ ಓಡುತ್ತವೆ.

ಎಷ್ಟು ಟಿಬಿ?

ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳಲ್ಲಿ ನೀವು ನಿಜವಾಗಿ ತೆರೆದ ಗೇಮ್‌ಗಳ ಹೆಸರು ಬರೆಯಿರಿ. ಕೊಂಡವು ಅಲ್ಲ, ತೆರೆದವು. ನಾನು ಬರೆದಾಗ ನಾಲ್ಕು ಬಂದವು, ಇನ್‌ಸ್ಟಾಲ್ ಆಗಿದ್ದವು ಹದಿನೇಳು! ನಾಲ್ಕೋ ಐದೋ ಬಂದರೆ ಒಂದು ಟಿಬಿ ಧಾರಾಳ. ಮನೆಯಲ್ಲಿ ಇಬ್ಬರು ಮೂವರು ಒಂದೇ ಕನ್ಸೋಲ್‌ನಲ್ಲಿ ಬೇರೆ ಬೇರೆ ಗೇಮ್ ಆಡುತ್ತಾರೆ ಅಂದರೆ ಎರಡು ಟಿಬಿ. ಟಿಬಿಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಎಂ.2ರಲ್ಲಿ ಎರಡು ಟಿಬಿಯೇ ಹಲವು ಸಲ ಲಾಭ. ಪಿಎಸ್5ರಲ್ಲಿ ಇರುವುದು ಒಂದೇ ಸ್ಲಾಟ್ ಅನ್ನುವುದೂ ನೆನಪಿರಲಿ. ಚಿಕ್ಕದು ಹಾಕಿ ಆಮೇಲೆ ದೊಡ್ಡದು ಬೇಕೆನಿಸಿದರೆ ಚಿಕ್ಕದನ್ನು ಕಿತ್ತೇ ಹಾಕಬೇಕು. ನಾಲ್ಕು, ಎಂಟು ಟಿಬಿ ಕೊಳ್ಳುವವರಿಗೆ ನನ್ನ ಸಲಹೆ ಬೇಕಾಗಿರುವುದಿಲ್ಲ.

ಗೇಮ್ ಸೆಟ್ಟಿಂಗ್ಸ್‌ನಲ್ಲೂ ಒಮ್ಮೆ ಇಣುಕಿ. ಕೆಲವು ದೊಡ್ಡ ಗೇಮ್‌ಗಳಲ್ಲಿ ಕತೆಯ ಭಾಗ, ಆನ್‌ಲೈನ್ ಭಾಗ ಬೇರೆ ಬೇರೆಯಾಗಿ ಅಳಿಸಬಹುದು. ಕತೆ ಮುಗಿಸಿ ವರ್ಷ ಆಗಿದ್ದರೂ ಅದು ಹತ್ತಾರು ಜಿಬಿ ಹಿಡಿದು ಕೂತಿರುತ್ತದೆ. ತಾನಾಗಿ ರೆಕಾರ್ಡ್ ಆದ ವಿಡಿಯೊ ತುಣುಕುಗಳೂ ಜಾಗ ತಿನ್ನುತ್ತವೆ.

ಇನ್ನು ಕೊಳ್ಳುವಾಗ ಬೆಲೆ ನಂಬಲಾಗದಷ್ಟು ಕಮ್ಮಿ ಇದ್ದರೆ ನಂಬಬೇಡಿ. ಎಂಟು ಟಿಬಿ ಅಂತ ತೋರಿಸುವ, ಒಳಗೆ ನೂರು ಜಿಬಿಯೂ ಇಲ್ಲದ ನಕಲಿ ಡ್ರೈವ್‌ಗಳು ಬೇಕಾದಷ್ಟಿವೆ. ಮನೆಗೆ ಬಂದ ತಕ್ಷಣ ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ತೋರಿಸುತ್ತದೆಯೇ ನೋಡಿ.

ಈಗ ನನ್ನ ಪಿಎಸ್5ರ ಒಳಗೆ ಹೀಟ್‌ಸಿಂಕ್ ಅಂಟಿಸಿಯೇ ಬಂದ ಎರಡು ಟಿಬಿ ಎಂ.2 ಇದೆ. ಆ ತಪ್ಪು ಡ್ರೈವ್ ಹಿಂದೆ ಯುಎಸ್‌ಬಿಯಲ್ಲಿ ನೇತಾಡುತ್ತಿದೆ, ಪಿಎಸ್4 ಗೇಮ್‌ಗಳೆಲ್ಲ ಅದರಿಂದಲೇ ಓಡುತ್ತವೆ. ಎರಡು ಮಿಲಿಮೀಟರ್ ಜಾಸ್ತಿ ಎತ್ತರದ ಆ ಹೀಟ್‌ಸಿಂಕ್ ಮಾತ್ರ ಮೇಜಿನ ಡ್ರಾಯರ್‌ನಲ್ಲಿದೆ. ಯಾರಾದರೂ ಕಂಪ್ಯೂಟರ್‌ಗೆ ಬೇಕು ಅಂದರೆ ಕೊಡುತ್ತೇನೆ.